ಒಂದು ಹಡಗು, ಇಬ್ಬರು ಸಂತರು

ಅಜ್ಜಿಮನೆಯ ಜಗುಲಿಯ ಗೋಡೆಯಲ್ಲಿ ಒಂದು ಫೋಟೊ ಇದೆ. ಯುದ್ಧನೌಕೆಯ ಹಿಂಬದಿ, ಬಿಳಿ ಸಮವಸ್ತ್ರದ ಆರು ಹುಡುಗರು, ಅವರ ತಲೆಯ ಮೇಲೆ ಗಾಳಿಗೆ ಬಿಚ್ಚಿಕೊಂಡ ದೊಡ್ಡ ಬಾವುಟ. ಎಡದಿಂದ ಎರಡನೆಯವರು ನನ್ನ ಸೋದರಮಾವ. ಕಪ್ಪುಬಿಳುಪು ಫೋಟೊ ಅದು. ದೊಡ್ಡದು ಮಾಡಿಸಲು ಕೊಟ್ಟಾಗ ಸ್ಟುಡಿಯೋದವರು ಬಾವುಟಕ್ಕೆ ಮಾತ್ರ ಕೈಯಿಂದ ಬಣ್ಣ ಹಚ್ಚಿ ಕೊಟ್ಟಿದ್ದರು: ಮೇಲಿನ ಮೂಲೆಯಲ್ಲಿ ಪುಟ್ಟ ತ್ರಿವರ್ಣ, ಉಳಿದ ಬಿಳಿಯ ಮೇಲೆ ಅಂಚಿನಿಂದ ಅಂಚಿಗೆ ಚಾಚಿದ ಕೆಂಪು ಶಿಲುಬೆ.

ಆ ಕೆಂಪು ಗುರುತನ್ನು ನೋಡಿ ನಮ್ಮ ಅಜ್ಜಿ ತನ್ನ ಮಗನ ಹಡಗು ಆಸ್ಪತ್ರೆಯ ಹಡಗು ಎಂದು ನಂಬಿದ್ದಳು. ಕಾರವಾರದ ಸರ್ಕಾರಿ ಆಸ್ಪತ್ರೆಯ ಗಾಡಿಯ ಮೇಲೆ ಅವಳು ಕಂಡದ್ದು ಅದೇ ಗುರುತು. 1971ರ ಡಿಸೆಂಬರಿನ ಯುದ್ಧದ ದಿನಗಳಲ್ಲಿ ರೇಡಿಯೋ ಇದ್ದ ಮನೆಯ ಅಂಗಳದಲ್ಲಿ ಊರೆಲ್ಲ ಸೇರುತ್ತಿದ್ದಾಗ, ಅಜ್ಜಿ ಮಾತ್ರ ಧೈರ್ಯವಾಗಿ ಅಕ್ಕಿ ಆರಿಸುತ್ತ ಕೂತಿದ್ದಳಂತೆ. "ಆಸ್ಪತ್ರೆ ಹಡಗಿಗೆ ಯಾರೂ ಗುಂಡು ಹಾಕೂದಿಲ್ಲ" ಎನ್ನುತ್ತಿದ್ದಳಂತೆ.

ಅದು ರೆಡ್ ಕ್ರಾಸ್ ಅಲ್ಲ ಎಂದು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ರಜೆಗೆ ಹೋದಾಗ ಮಾವನನ್ನೇ ಕೇಳಿದ್ದೆ. ಅವರು ನೌಕಾಪಡೆಯಲ್ಲಿ ಸಿಗ್ನಲ್‌ಮನ್ ಆಗಿದ್ದವರು, ಬಾವುಟಗಳೇ ಅವರ ಕೆಲಸ. "ರೆಡ್ ಕ್ರಾಸಿನ ಕೈಗಳು ಮೋಟು ತಂಗೀ, ಅಂಚು ಮುಟ್ಟೂದಿಲ್ಲ. ಇದು ಅಂಚಿನ ತನಕ ಹೋಗ್ತದೆ. ಇದು ಜಾರ್ಜ್ ಅಂತ ಒಬ್ಬ ಸಂತಂದು" ಎಂದರು. ಸಂತನಿಗೂ ತೋಪಿಗೂ ಏನು ಸಂಬಂಧ ಎಂದು ನಾನು ಕೇಳಿದ್ದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆ ಆಗಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಇಷ್ಟು ವರ್ಷ ಓದಿ ನನಗೆ ತಿಳಿದದ್ದನ್ನು, ತಿಳಿದ ಮೇಲೂ ಮನಸ್ಸಿನಲ್ಲಿ ಉಳಿದ ತೊಡಕನ್ನು, ಇಲ್ಲಿ ಬರೆಯುತ್ತಿದ್ದೇನೆ.

ಜಾರ್ಜ್ ಇಂಗ್ಲೆಂಡಿನವನಲ್ಲ, ಇಂಗ್ಲೆಂಡನ್ನು ಕಂಡವನೂ ಅಲ್ಲ. ಪರಂಪರೆ ಹೇಳುವಂತೆ ಅವನು ಇಂದಿನ ಟರ್ಕಿಯೊಳಗಿನ ಕಪಡೋಸಿಯಾ ಮೂಲದವನು, ರೋಮನ್ ಸೈನ್ಯದಲ್ಲಿದ್ದವನು. ಡಯೋಕ್ಲೀಷಿಯನ್ ಚಕ್ರವರ್ತಿ ಕ್ರೈಸ್ತರನ್ನು ಬೇಟೆಯಾಡಿದ ಕಾಲದಲ್ಲಿ, ಸುಮಾರು ಕ್ರಿ.ಶ. 303ರಲ್ಲಿ, ನಂಬಿಕೆ ಬಿಡಲೊಪ್ಪದೆ ತಲೆ ಕೊಟ್ಟನು. ಅವನದೆನ್ನುವ ಸಮಾಧಿ ಇರುವುದು ಇಸ್ರೇಲಿನ ಲೋದ್ ಪಟ್ಟಣದಲ್ಲಿ. ಅಲ್ಲಿ ಅವನ ಹೆಸರಿನ ಚರ್ಚಿಗೆ ಮಸೀದಿಯೊಂದು ಅಂಟಿಕೊಂಡೇ ಇದೆ. ಪ್ಯಾಲೆಸ್ಟೀನಿನ ಮುಸ್ಲಿಮರೂ ಅವನನ್ನು ಅಲ್-ಖಿದ್ರ್ ಎಂಬ ಪುಣ್ಯಪುರುಷನೊಂದಿಗೆ ಸೇರಿಸಿ ಗೌರವಿಸುತ್ತಾರೆ. ಘಟಸರ್ಪವನ್ನು ಕೊಂದು ರಾಜಕುಮಾರಿಯನ್ನು ಉಳಿಸಿದ ಕಥೆ ಬಹಳ ತಡವಾಗಿ ಬಂದದ್ದು. 13ನೇ ಶತಮಾನದಲ್ಲಿ ಸಂತರ ಕಥೆಗಳನ್ನು ಸಂಗ್ರಹಿಸಿದ, ಮುಂದೆ ಜಿನೋವಾದ ಆರ್ಚ್‌ಬಿಷಪ್ ಆದ ಯಾಕೋಪೊ ಎಂಬ ಪಾದ್ರಿಯಿಂದ ಅದು ಯುರೋಪಿನ ಮನೆಮನೆಗೆ ಹರಡಿತು. ಕೇರಳದಲ್ಲಿ ಅವನು ಗೀವರ್ಗೀಸ್. ಎಡತ್ವದ ಜಾತ್ರೆಗೆ ಹೋದವರಿಗೆ ಅವನ ಮೇಲೆ ಜನರಿಗಿರುವ ಭಕ್ತಿ ಎಷ್ಟೆಂದು ಗೊತ್ತಿರುತ್ತದೆ.

ಇಷ್ಟರಲ್ಲಿ ಎಲ್ಲಿಯೂ ಬಿಳಿಯ ಮೇಲಿನ ಕೆಂಪು ಶಿಲುಬೆ ಇಲ್ಲ. ಅದನ್ನು ಜಾರ್ಜ್‌ಗೆ ಕೊಟ್ಟವರು ಯುದ್ಧಕ್ಕೆ ಹೊರಟವರು. ನನಗೆ ಅತಿ ಹೆಚ್ಚು ಆಶ್ಚರ್ಯ ತಂದದ್ದು 1188ರ ಒಂದು ಒಪ್ಪಂದ. ಮೂರನೆಯ ಧರ್ಮಯುದ್ಧಕ್ಕೆ (ಕ್ರೂಸೇಡ್) ಹೊರಡುವಾಗ ಫ್ರಾನ್ಸಿನ ರಾಜ ಎರಡನೇ ಫಿಲಿಪ್ ಮತ್ತು ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಮಾತಾಡಿಕೊಂಡು ತಮ್ಮ ತಮ್ಮ ಜನರಿಗೆ ಬಣ್ಣ ಹಂಚಿದರು: ಫ್ರೆಂಚರಿಗೆ ಕೆಂಪು ಶಿಲುಬೆ, ಫ್ಲಾಂಡರ್ಸಿನವರಿಗೆ ಹಸಿರು, ಇಂಗ್ಲಿಷರಿಗೆ ಬಿಳಿ. ಇಂದು ಇಂಗ್ಲಿಷರ ರಕ್ತದಲ್ಲೇ ಇದೆ ಎನ್ನುವ ಹಾಗೆ ಫುಟ್‌ಬಾಲ್ ಮೈದಾನದಲ್ಲಿ ಮುಖಕ್ಕೆ ಬಳಿದುಕೊಳ್ಳುವ ಕೆಂಪು ಅಂದು ಅವರ ನೆರೆಯವರ ಪಾಲಿಗೆ ಹೋಗಿತ್ತು. ಧೂಳು ಕವಿದ ರಣರಂಗದಲ್ಲಿ ತಮ್ಮವರ ಮೇಲೇ ಕತ್ತಿ ಬೀಸದಿರಲಿ ಎಂದು ಮಾಡಿದ ಏರ್ಪಾಡು ಅದು. 1277ರಲ್ಲಿ ಒಂದನೇ ಎಡ್ವರ್ಡ್ ವೇಲ್ಸಿನ ಮೇಲೆ ದಂಡೆತ್ತಿ ಹೋದಾಗ ಕಾಲಾಳುಗಳಿಗೆ ಜಾರ್ಜ್ ಶಿಲುಬೆಯ ತೋಳುಪಟ್ಟಿ ಹೊಲಿಸಿದ ಲೆಕ್ಕ ಸಿಗುತ್ತದೆ. ಅಲ್ಲೂ ಅದೇ ಉಪಯೋಗ. 1348ರಲ್ಲಿ ಮೂರನೇ ಎಡ್ವರ್ಡ್ ತನ್ನ ಗಾರ್ಟರ್ ವೀರರ ಕೂಟವನ್ನು ಜಾರ್ಜ್ ಹೆಸರಿನಲ್ಲಿ ಕಟ್ಟಿದ ಮೇಲೆ ಸಂತ ಅರಮನೆಯೊಳಗೆ ಬಂದ.

ಜಿನೋವಾ ನಗರದ ಬಾವುಟವೂ ಇದೇ. ಮೆಡಿಟರೇನಿಯನ್ ಕಡಲಿನಲ್ಲಿ ಜಿನೋವಾದ ನೌಕೆಗಳಿಗೆ ಇದ್ದ ರಕ್ಷಣೆ ಸಿಗಲೆಂದು ಇಂಗ್ಲಿಷರು ಕಪ್ಪ ಕೊಟ್ಟು ಅವರ ಬಾವುಟ ಪಡೆದರು ಎಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. 2018ರಲ್ಲಿ ಜಿನೋವಾದ ಮೇಯರ್ ಇಂಗ್ಲೆಂಡಿನ ರಾಣಿಗೆ ಪತ್ರ ಬರೆದು ಆ ಹಳೆಯ ಬಾಕಿಯನ್ನು ನೆನಪಿಸಿದ್ದು ಸುದ್ದಿಯಾಗಿತ್ತು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಮಿಲಾನ್, ಅಲ್ಲಿಯೂ ಬಿಳಿಯ ಮೇಲೆ ಕೆಂಪು ಶಿಲುಬೆ. ಆದರೆ ಮಿಲಾನಿನವರನ್ನು ಕೇಳಿದರೆ ಅದು ಜಾರ್ಜನದಲ್ಲ, ತಮ್ಮ ಸಂತ ಅಂಬ್ರೋಸನದು ಎನ್ನುತ್ತಾರೆ. ಒಂದೇ ಬಟ್ಟೆ, ಅದೇ ಎರಡು ಗೆರೆ. ಯಾವ ಊರಿನಲ್ಲಿ ಹಾರುತ್ತದೋ ಆ ಊರಿನ ಸಂತನಿಗೆ ಸೇರುತ್ತದೆ.

ಇನ್ನೊಬ್ಬ ಸಂತನ ವಿಷಯ ಬೇರೆ. ಕನ್ನಡ ಬೈಬಲಿನಲ್ಲಿ ಅವನನ್ನು ಅಂದ್ರೆಯ ಎನ್ನುತ್ತಾರೆ, ಪೇತ್ರನ ತಮ್ಮ, ಮೀನುಗಾರ. ಗ್ರೀಸಿನ ಪಾತ್ರಾಸಿನಲ್ಲಿ ಅವನನ್ನು ಕೊಲ್ಲುವಾಗ, ಯೇಸು ಸತ್ತ ಆಕಾರದ ಶಿಲುಬೆಗೆ ತಾನು ಯೋಗ್ಯನಲ್ಲ ಎಂದು ಬೇಡಿಕೊಂಡದ್ದರಿಂದ ಓರೆಯಾಗಿ ಅಡ್ಡಹಾಕಿದ ಮರಕ್ಕೆ ಕಟ್ಟಿದರು ಎಂಬುದು ಕಥೆ. ಗುಣಾಕಾರದ ಗುರುತಿನಂಥ ಆ ಶಿಲುಬೆ ಸ್ಕಾಟ್ಲೆಂಡಿನ ಬಾವುಟವಾಯಿತು. ಎಡಿನ್‌ಬರೊದ ಪೂರ್ವಕ್ಕೆ ಈಸ್ಟ್ ಲೋಥಿಯನ್ ಸೀಮೆಯ ಅಥೆಲ್‌ಸ್ಟೇನ್‌ಫರ್ಡ್ ಎಂಬ ಹಳ್ಳಿಯ ಬಳಿ, 832ರಲ್ಲಿ, ಯುದ್ಧದ ಮುಂಜಾವು ನೀಲಿ ಆಕಾಶದಲ್ಲಿ ಬಿಳಿ ಮೋಡಗಳು ಅಂದ್ರೆಯನ ಶಿಲುಬೆಯಾಗಿ ಕೂಡಿಕೊಂಡವಂತೆ. ಅದನ್ನು ಕಂಡ ಆಂಗಸ್ ರಾಜ ಗೆದ್ದನಂತೆ. ನನಗೆ ಈ ಕಥೆ ಇಷ್ಟ. ಹರಕೆ, ದೃಷ್ಟಾಂತ, ಗೆಲುವು ಎಲ್ಲವೂ ನಮ್ಮ ಸ್ಥಳಪುರಾಣಗಳ ಹಾಗೆಯೇ ಇದೆ. ಕಾಗದದ ಆಧಾರ ಬೇಕೆಂದರೆ ಮಾತ್ರ 1385ಕ್ಕೆ ಬರಬೇಕು. ಆ ವರ್ಷ ಸ್ಕಾಟ್ಲೆಂಡಿನ ಪಾರ್ಲಿಮೆಂಟು ತನ್ನ ಸೈನಿಕರು ಎದೆಗೂ ಬೆನ್ನಿಗೂ ಬಿಳಿಯ ಅಂದ್ರೆಯ ಶಿಲುಬೆ ಹಾಕಿಕೊಳ್ಳಬೇಕೆಂದು ಆಜ್ಞೆ ಮಾಡಿತು. ಇಲ್ಲಿಯೂ ಮತ್ತೆ ಗುರುತಿನ ಚೀಟಿಯ ಕೆಲಸವೇ.

ಈಸ್ಟ್ ಲೋಥಿಯನ್ ಎಂದಾಗ ನಾನು ಒಂದು ಗಳಿಗೆ ನಿಲ್ಲಬೇಕು. ಅದೇ ಸೀಮೆಯಲ್ಲಿ 1757ರಲ್ಲಿ ಹುಟ್ಟಿದವನು ಡೇವಿಡ್ ಬೇರ್ಡ್. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರಾಲಿಯ ಸೈನ್ಯಕ್ಕೆ ಸಿಕ್ಕಿ, 1784ರ ತನಕ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದವನು. 1799ರ ಮೇ 4ರ ಮಧ್ಯಾಹ್ನ ಕಾವೇರಿ ದಾಟಿ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಅವನೇ. ಅಂದು ಕೋಟೆಯ ಮೇಲೇರಿದ ಬ್ರಿಟಿಷ್ ಬಾವುಟ ನಾವು ಇಂದು ಚಿತ್ರಗಳಲ್ಲಿ ಕಾಣುವ ಯೂನಿಯನ್ ಜಾಕ್ ಅಲ್ಲ. ಟಿಪ್ಪುವಿನ ಕೊನೆಯ ದಿನದ ನಾಟಕಗಳಿಗೆ, ಶಾಲಾ ಪ್ರದರ್ಶನಗಳಿಗೆ ಬಾವುಟ ಮಾಡುವವರು ಇದನ್ನು ಗಮನಿಸಲಿ ಎಂದು ನನ್ನ ಆಸೆ. ಈಗಿನ ಬಾವುಟ ಹುಟ್ಟಿದ್ದು 1801ರ ಜನವರಿ 1ಕ್ಕೆ, ಟಿಪ್ಪು ಸತ್ತು ಒಂದೂವರೆ ವರ್ಷದ ಮೇಲೆ.

ಅದು ಹೇಗೆಂದರೆ, 1603ರಲ್ಲಿ ಸ್ಕಾಟ್ಲೆಂಡಿನ ರಾಜ ಜೇಮ್ಸ್ ಇಂಗ್ಲೆಂಡಿಗೂ ರಾಜನಾದ. 1606ರಲ್ಲಿ ಎರಡೂ ಕಡೆಯ ಹಡಗುಗಳಿಗೆ ಒಂದೇ ಬಾವುಟ ಇರಲೆಂದು ಅಂದ್ರೆಯನ ಓರೆ ಶಿಲುಬೆಯ ಮೇಲೆ ಜಾರ್ಜನ ನೇರ ಶಿಲುಬೆಯನ್ನು ಕೂರಿಸಿದ. ಸ್ಕಾಟ್ಲೆಂಡಿನ ಹಡಗಿನ ಯಜಮಾನರಿಗೆ ತಡೆಯಲಾಗದ ಸಿಟ್ಟು ಬಂತು. ನಮ್ಮ ಸಂತನ ನಡುವಿಗೇ ನಿಮ್ಮ ಸಂತ ಬಂದು ಕೂತಿದ್ದಾನೆ ಎಂದು ರಾಜನಿಗೆ ದೂರು ಹೋಯಿತು. ಕೆಲವರು ಬಿಳಿಯ ಓರೆಯನ್ನೇ ಮೇಲಕ್ಕೆ ತಂದು ಬೇರೆ ಬಾವುಟ ಹೊಲಿಸಿಕೊಂಡರು. ಒಂದು ಬಟ್ಟೆಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ಜಗಳ 400 ವರ್ಷ ಹಳೆಯದು. 1801ರಲ್ಲಿ ಐರ್ಲೆಂಡನ್ನು ಸೇರಿಸಿಕೊಂಡಾಗ ಸಂತ ಪ್ಯಾಟ್ರಿಕನ ಹೆಸರಿನಲ್ಲಿ ಕೆಂಪು ಓರೆ ಬಂತು. ಪ್ಯಾಟ್ರಿಕ್ ಶಿಲುಬೆಯ ಮೇಲೆ ಸತ್ತವನಲ್ಲ, ಅವನದೆನ್ನುವ ಶಿಲುಬೆಯೂ ಇರಲಿಲ್ಲ. 1783ರಲ್ಲಿ ಹುಟ್ಟಿದ ಒಂದು ರಾಜಕೀಯ ಗೌರವ ಪದವಿಯ ಲಾಂಛನದಿಂದ ಅದನ್ನು ಎತ್ತಿಕೊಂಡರು. ಈ ಸಲ ಬಿಳಿ ಓರೆಯನ್ನೂ ಕೆಂಪು ಓರೆಯನ್ನೂ ಸೀಳಿ, ಕಂಬದ ಕಡೆಯ ಅರ್ಧದಲ್ಲಿ ಅಂದ್ರೆಯ ಮೇಲೆ, ಇನ್ನರ್ಧದಲ್ಲಿ ಪ್ಯಾಟ್ರಿಕ್ ಮೇಲೆ ಎಂದು ಹಂಚಿದರು. ಅದಕ್ಕೇ ಆ ಬಾವುಟವನ್ನು ತಲೆಕೆಳಗಾಗಿ ಕಟ್ಟಬಹುದು, ಬಹಳ ಜನ ಕಟ್ಟುತ್ತಾರೆ ಕೂಡ. ಸಿಗ್ನಲ್‌ಮನ್‌ಗೆ ಒಂದು ಮೈಲಿ ದೂರದಿಂದ ಅದು ಗೊತ್ತಾಗುತ್ತದೆ ಎಂದು ಮಾವ ಹೇಳುತ್ತಾರೆ.

ಬ್ರಿಟಿಷ್ ಯುದ್ಧನೌಕೆಗಳೆಲ್ಲ ಬಿಳಿಯ ಮೇಲೆ ಜಾರ್ಜ್ ಶಿಲುಬೆ, ಮೂಲೆಯಲ್ಲಿ ಯೂನಿಯನ್ ಜಾಕ್ ಇರುವ 'ವೈಟ್ ಎನ್‌ಸೈನ್' ಒಂದನ್ನೇ ಹಾರಿಸಬೇಕೆಂದು ಗೊತ್ತಾದದ್ದು 1864ರಲ್ಲಿ. ಅದೇ ವರ್ಷ ಜಿನೀವಾದಲ್ಲಿ, ಗಾಯಾಳುಗಳ ರಕ್ಷಣೆಗೆಂದು ಬಿಳಿಯ ಮೇಲಿನ ಕೆಂಪು ಶಿಲುಬೆಯನ್ನು ದೇಶಗಳು ಒಪ್ಪಿಕೊಂಡವು. ಅದು ಯಾವ ಸಂತನದೂ ಅಲ್ಲ, ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ತಿರುಗಿಸಿದ್ದು. ಗುಂಡು ಹಾರಿಸುವ ಹಡಗಿಗೂ, ಗುಂಡು ತಗುಲಿದವರನ್ನು ಎತ್ತುವ ಡೇರೆಗೂ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಒಂದೇ ಗುರುತು ಬಂತು. ಇದನ್ನು ಓದಿದ ದಿನ ನನಗೆ ಅಜ್ಜಿಯ ನೆನಪು ಬಹಳ ಕಾಡಿತು. ಅವಳು ತಪ್ಪು ತಿಳಿದದ್ದು ಎರಡು ಗೆರೆಗಳ ಉದ್ದದಲ್ಲಿ ಮಾತ್ರ.

ಮುಂಬಯಿಯ ತಲ್ವಾರ್ ನೆಲೆಯಲ್ಲಿ 1946ರ ಫೆಬ್ರವರಿ 18ರಂದು ರಾಯಲ್ ಇಂಡಿಯನ್ ನೇವಿಯ ಹುಡುಗರು ಬಂಡೆದ್ದಾಗ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಬ್ರಿಟಿಷ್ ಬಾವುಟ ಇಳಿಸಿದ್ದು. ಅದರ ಜಾಗದಲ್ಲಿ ಕಾಂಗ್ರೆಸ್ಸಿನದು, ಮುಸ್ಲಿಂ ಲೀಗಿನದು, ಕಮ್ಯುನಿಸ್ಟರದು, ಮೂರನ್ನೂ ಒಟ್ಟಿಗೆ ಏರಿಸಿದರು. ದೇಶ ಎರಡಾಗಲು ಒಂದೂವರೆ ವರ್ಷ ಬಾಕಿ ಇತ್ತು. ಆ ಮೂರು ಬಾವುಟಗಳು ಒಂದೇ ಕಂಬದ ಸುತ್ತ ಹಾರಿದ ಆ ಕೆಲವು ದಿನಗಳು ನಮ್ಮ ಶಾಲೆಯ ಇತಿಹಾಸದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯಲಿಲ್ಲ ಎಂಬ ನೋವು ನನಗಿದೆ.

1950ರ ಜನವರಿ 26ಕ್ಕೆ 'ರಾಯಲ್' ಹೋಯಿತು. ಬಾವುಟದ ಮೂಲೆಗೆ ಯೂನಿಯನ್ ಜಾಕಿನ ಬದಲು ತ್ರಿವರ್ಣ ಬಂತು. ಜಾರ್ಜ್ ಉಳಿದ. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಗೆ ಹೋದದ್ದು ಆ ಶಿಲುಬೆಯ ಬಾವುಟದಡಿಯಲ್ಲಿ. ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಐಎನ್‌ಎಸ್ ಖುಕ್ರಿ ಮುಳುಗಿದಾಗ, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಆ ಬಾವುಟದೊಂದಿಗೇ ತಳಕ್ಕೆ ಹೋದರು. ಮಾವನ ಹಡಗು ಆಗ ಅರಬ್ಬೀ ಸಮುದ್ರದಲ್ಲೇ ಇತ್ತು. ಆ ರಾತ್ರಿಯ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ರಜೆಗೆ ಬಂದಾಗ ಅಜ್ಜಿ ಎದುರಿಗೆ ಕೂತು ಮೈಯೆಲ್ಲ ಸವರಿ, "ನಾ ಹೇಳಿರಲಿಲ್ಲವಾ, ಆಸ್ಪತ್ರೆ ಹಡಗು ಅಂತ" ಎಂದಳಂತೆ. "ನಾನು ಹೌದವ್ವಾ ಅಂದೆ. ಮತ್ತೆ ಯಾವತ್ತೂ ತಿದ್ದಲಿಲ್ಲ" ಎಂದು ಮಾವ ಒಮ್ಮೆ ಹೇಳಿದರು. ಅಜ್ಜಿ 1994ರಲ್ಲಿ ತೀರಿಕೊಂಡಳು, ಅದೇ ನಂಬಿಕೆಯಲ್ಲಿ.

ಶಿಲುಬೆ ತೆಗೆಯಬೇಕೆಂಬ ಮಾತು ನೌಕಾಪಡೆಯ ಒಳಗಿನಿಂದಲೇ ಎದ್ದಿತ್ತು. 1970ರ ದಶಕದಲ್ಲಿ ವೈಸ್ ಅಡ್ಮಿರಲ್ ವಿವಿಯನ್ ಬಾರ್ಬೋಜಾ ಈ ಸಲಹೆ ಕೊಟ್ಟಿದ್ದರು. ಆಸ್ಟ್ರೇಲಿಯಾ 1967ರಲ್ಲಿ, ನ್ಯೂಜಿಲೆಂಡ್ 1968ರಲ್ಲಿ ತಮ್ಮ ನೌಕಾ ಬಾವುಟದಿಂದ ಜಾರ್ಜ್ ಶಿಲುಬೆಯನ್ನು ಆಗಲೇ ಕಳಚಿದ್ದವು. ಭಾನುವಾರ ಚರ್ಚಿಗೆ ಹೋಗುವ ದೇಶಗಳು ಅವು. ಅವರಿಗೆ ಶಿಲುಬೆ ಬೇಡವಾದದ್ದು ಯೇಸುವಿನ ಮೇಲಿನ ಮುನಿಸಿನಿಂದಲ್ಲ, ದೂರದಿಂದ ನೋಡಿದವರು ತಮ್ಮನ್ನು ಬ್ರಿಟನ್ನಿನ ಹಡಗು ಎಂದುಕೊಳ್ಳುತ್ತಾರೆ ಎಂಬ ಕಾರಣಕ್ಕೆ. ನಮ್ಮಲ್ಲಿ 2001ರ ಆಗಸ್ಟ್ 15ಕ್ಕೆ ಶಿಲುಬೆ ಹೋಗಿ ಬಿಳಿಯ ಮೇಲೆ ನೀಲಿ ಲಾಂಛನ ಬಂತು. ಆದರೆ ಆ ನೀಲಿ ಕಡಲಿನಲ್ಲೂ ಆಕಾಶದಲ್ಲೂ ಕರಗಿಹೋಗುತ್ತದೆ, ದೂರಕ್ಕೆ ಕಾಣುವುದಿಲ್ಲ ಎಂಬ ದೂರು ಹಡಗುಗಳಿಂದ ಬಂತು. 2004ರ ಏಪ್ರಿಲಿನಲ್ಲಿ ಶಿಲುಬೆ ತಿರುಗಿ ಬಂತು, ನಡುವೆ ಚಿನ್ನದ ಬಣ್ಣದ ಸಿಂಹಲಾಂಛನದ ಜೊತೆ. 2014ರಲ್ಲಿ ಅದರ ಕೆಳಗೆ 'ಸತ್ಯಮೇವ ಜಯತೇ' ಸೇರಿತು.

ಅದೇ 2014ರ ಜನವರಿಯಲ್ಲಿ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಕಾರವಾರಕ್ಕೆ ಬಂತು. 284 ಮೀಟರ್ ಉದ್ದದ ಹಡಗು. ಕೂರ್ಮಗಡ, ದೇವಗಡ, ಅಂಜದೀವುಗಳ ಜೊತೆ ಇನ್ನೊಂದು ನಡುಗಡ್ಡೆ ಎದ್ದ ಹಾಗೆ ಕಂಡಿತು. ಸೀಬರ್ಡ್ ಎಂಬ ನೌಕಾನೆಲೆಯ ಯೋಜನೆಗೆ ಮನೆ, ಗದ್ದೆ, ಬಲೆ ಒಣಗಿಸುವ ಮರಳು ಬಿಟ್ಟುಕೊಟ್ಟು ಎದ್ದು ಹೋದವರೂ ಅಂದು ಅದನ್ನು ನೋಡಲು ಬಂದಿದ್ದರು. ಅವರ ಮುಖದಲ್ಲಿದ್ದದ್ದು ಹೆಮ್ಮೆಯೋ ಸಂಕಟವೋ ಎಂದು ಬಿಡಿಸಿ ಹೇಳುವುದು ನನ್ನಿಂದಾಗದು. ಎಲ್ಲರೂ ವಿಮಾನಗಳ ಬಗ್ಗೆ ಮಾತಾಡುತ್ತಿದ್ದರೆ ಮಾವ ಹಿಂಬದಿಯ ಕಂಬವನ್ನೇ ನೋಡುತ್ತಿದ್ದರು.

"ಈ ಹಡಗು ಎಷ್ಟು ಬಾವುಟ ಕಂಡದೆ ಗೊತ್ತದೆಯಾ ತಂಗೀ?"

ಎಣಿಸಿ ಹೇಳಿದರು. 1987ರಲ್ಲಿ ಸೋವಿಯತ್ ನೌಕಾಪಡೆಗೆ ಸೇರಿದಾಗ ಇದರ ಹೆಸರು ಬಾಕು, ಬಾವುಟದಲ್ಲಿ ಕೆಂಪು ನಕ್ಷತ್ರ, ಕುಡುಗೋಲು ಸುತ್ತಿಗೆ, ಕೆಳಗೆ ನೀಲಿ ಪಟ್ಟಿ. ಆಮೇಲೆ ಹೆಸರು ಅಡ್ಮಿರಲ್ ಗೋರ್ಷ್ಕೋವ್. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರಲ್ಲಿ, ರಷ್ಯಾ ತನ್ನ ಹಳೆಯ ನೌಕಾ ಬಾವುಟವನ್ನು ಮತ್ತೆ ಏರಿಸಿತು. ಪೀಟರ್ ದೊರೆ ತಂದಿದ್ದ, 1917ರ ಕ್ರಾಂತಿಯಲ್ಲಿ ಹೋಗಿದ್ದ ಬಾವುಟ ಅದು: ಬಿಳಿಯ ಮೇಲೆ ನೀಲಿ ಓರೆ ಶಿಲುಬೆ. ಅದೇ ಅಂದ್ರೆಯ! ರಷ್ಯನ್ನರೂ ಅವನನ್ನು ತಮ್ಮ ನಾಡಿಗೆ ಬಂದು ಬೋಧಿಸಿದ ಸಂತ ಎಂದು ನಂಬುತ್ತಾರೆ. 1996ರಲ್ಲಿ ಹಡಗು ಸೇವೆಯಿಂದ ಕಳಚಿಕೊಂಡಿತು. 2013ರ ನವೆಂಬರ್ 16ರಂದು ಸೆವೆರೊದ್ವಿನ್ಸ್ಕ್‌ನ ಚಳಿಯಲ್ಲಿ ರಷ್ಯಾದ ಬಾವುಟ ಇಳಿದು ನಮ್ಮದು ಏರಿತು, ಜಾರ್ಜ್ ಶಿಲುಬೆಯ ಬಾವುಟ. ಕುಡುಗೋಲು ಸುತ್ತಿಗೆ, ಅಂದ್ರೆಯ, ಜಾರ್ಜ್. ಒಂದೇ ಹಡಗು, ಮೂವತ್ತು ವರ್ಷವೂ ತುಂಬಿರಲಿಲ್ಲ.

ನಾಲ್ಕನೆಯದು 2022ರ ಸೆಪ್ಟೆಂಬರ್ 2ಕ್ಕೆ ಬಂತು. ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಸೇವೆಗೆ ಸೇರಿದ ದಿನ ಹೊಸ ನೌಕಾ ಬಾವುಟವೂ ಬಿಚ್ಚಿಕೊಂಡಿತು. ಶಿವಾಜಿ ಮಹಾರಾಜರ ರಾಜಮುದ್ರೆಯ ಹಾಗೆ ಎಂಟು ಮೂಲೆ, ಅದರೊಳಗೆ ಲಂಗರು, ಸಿಂಹಲಾಂಛನ, 'ಶಂ ನೋ ವರುಣಃ' ಎಂಬ ನೌಕಾಪಡೆಯ ಧ್ಯೇಯವಾಕ್ಯ. ನನಗೆ ಸಂತೋಷವಾಯಿತು. ಪರರ ಯಜಮಾನಿಕೆಯ ಗುರುತನ್ನು ಸ್ವತಂತ್ರ ದೇಶದ ಹಡಗು 72 ವರ್ಷ ಹೊತ್ತದ್ದು ಹೆಚ್ಚೇ ಆಯಿತು ಎಂದು ನಾನು ನಂಬುತ್ತೇನೆ. ಆದರೆ ಅಂದು ಸಂಜೆ ನಮ್ಮೂರ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಶಿಲುಬೆಯನ್ನು ಓಡಿಸಿದೆವು" ಎಂದು ಬರೆದವರ ಸಂದೇಶ ಓದಿ ಹೊಟ್ಟೆ ತೊಳಸಿತು. ಅದೇ ಗುಂಪಿನಲ್ಲಿ ನನ್ನ ಬಾಲ್ಯದ ಗೆಳತಿ ಇದ್ದಾಳೆ, ಪ್ರತಿ ಕ್ರಿಸ್‌ಮಸ್‌ಗೆ ನೆವರಿ ಎಂಬ ಸಿಹಿತಿಂಡಿ ಕಳಿಸುವವಳು. ಅವಳ ಕೊರಳಿನ ಶಿಲುಬೆಗೂ ಎಡ್ವರ್ಡನ ತೋಳುಪಟ್ಟಿಗೂ ಏನೂ ಸಂಬಂಧವಿಲ್ಲ. ಇಳಿದದ್ದು ಯಾವುದು ಎಂದು ತಿಳಿಯದೆ ಕೇಕೆ ಹಾಕಿದರೆ ನೋಯುವವರು ಇಂಗ್ಲೆಂಡಿನವರಲ್ಲ, ಪಕ್ಕದ ಮನೆಯವರು. ಅಂದು ಅದನ್ನು ಗುಂಪಿನಲ್ಲೇ ಬರೆದೆ. ಇಬ್ಬರು ಸಿಟ್ಟಾದರು, ಒಬ್ಬರು ಫೋನ್ ಮಾಡಿ ಮಾತಾಡಿದರು.

ಶಿವಾಜಿಯೂ ಜಾರ್ಜ್ ಶಿಲುಬೆಯೂ ಎದುರಾದದ್ದು 2022ರಲ್ಲಿ ಮೊದಲಲ್ಲ, ಅದು ನಮ್ಮೂರಿನಲ್ಲೇ ಹಿಂದೊಮ್ಮೆ ಆಗಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಸ್ರೂರಿಗೆ ಬಂದು, ಗೋಕರ್ಣದಲ್ಲಿ ಮಿಂದು, ಅಂಕೋಲೆಯ ಮೇಲಿಂದ ಕಾರವಾರಕ್ಕೆ ಬಂದ. ಕಾರವಾರದಲ್ಲಿ ಆಗ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು, ಮೆಣಸು ಮತ್ತು ಬಟ್ಟೆಯ ವ್ಯಾಪಾರ. ಊರು ಸುಲಿಯದಿರಲು ವರ್ತಕರೆಲ್ಲ ಸೇರಿ ಹಣ ಕೂಡಿಸಿದರು. ಇಂಗ್ಲಿಷರ ಪಾಲು 112 ಪೌಂಡ್ ಎಂದು ಗೆಜೆಟಿಯರ್ ಹೇಳುತ್ತದೆ. ಆ ಕಾಲದಲ್ಲಿ ಕಂಪನಿಯ ಹಡಗುಗಳು ಸಮುದ್ರದಲ್ಲಿ ಹಾರಿಸುತ್ತಿದ್ದದ್ದು ಕೆಂಪು ಬಿಳಿ ಪಟ್ಟೆಯ ಬಾವುಟ, ಅದರ ಮೂಲೆಯಲ್ಲಿ ಇದೇ ಜಾರ್ಜ್ ಶಿಲುಬೆ.

ಇದನ್ನು ಮಾವನಿಗೆ ಓದಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ನಾನು ಧೈರ್ಯ ಮಾಡಿ ಕೇಳಿದೆ, ಜಗುಲಿಯ ಫೋಟೊ ತೆಗೆಯಬೇಕೆಂದು ಯಾರಾದರೂ ಹೇಳಿದರಾ ಎಂದು. ಹೇಳಿದ್ದರಂತೆ.

"ಆ ಆರು ಜನರಲ್ಲಿ ಇಬ್ಬರು ಖುಕ್ರಿಗೆ ವರ್ಗವಾಗಿ ಹೋದವರು" ಎಂದರು ಮಾವ. "ಅವರ ಮೇಲೆ ಹಾರಿದ ಬಾವುಟ ಅದು. ಗೋಡೆಯಲ್ಲಿ ಇರಲಿ."

ಕಳೆದ ಚಳಿಗಾಲದಲ್ಲಿ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕಾ ವಸ್ತುಸಂಗ್ರಹಾಲಯದ ಆಚೆ, ಮರಳಿನ ಮೇಲೆ ಇಬ್ಬರೂ ಕೂತಿದ್ದೆವು. ದೂರದಲ್ಲಿ ಒಂದು ಬೂದು ಹಡಗು ಲಂಗರು ಹಾಕಿತ್ತು. ಲಂಗರಿನಲ್ಲಿರುವ ಹಡಗಿನ ಬಾವುಟ ಬೆಳಿಗ್ಗೆ ಎಂಟಕ್ಕೆ ಏರುತ್ತದೆ, ಸೂರ್ಯ ಮುಳುಗುವಾಗ ಇಳಿಯುತ್ತದೆ. ಸೂರ್ಯನ ಅಂಚು ನೀರು ಮುಟ್ಟಿತು. ಮಾವ ಮೊಣಕಾಲಿಗೆ ಕೈ ಊರಿ ಎದ್ದರು, ಲುಂಗಿಯ ಮರಳು ಕೊಡವಿಕೊಂಡು ಹಡಗಿನ ಕಡೆ ಮುಖ ಮಾಡಿ ನೆಟ್ಟಗೆ ನಿಂತರು. ಅಷ್ಟು ದೂರದಿಂದ ಬಾವುಟದ ಮೇಲೆ ಏನಿದೆ ಎಂದು ನನಗೆ ಕಾಣಲಿಲ್ಲ. ನಾನೂ ಎದ್ದು ನಿಂತೆ.